ತೊಡೆಸಂದಿನ ಎರಡು ಗುರುತು

ಸಾಂಗ್ಲಿ, ಗಾಂವಭಾಗ
೧೪ ನವೆಂಬರ್ ೧೯೯೬, ಗುರುವಾರ

ಚಿರಂಜೀವಿ ಸೌಭಾಗ್ಯವತಿ ಅನುಜಾಳಿಗೆ ಅತ್ತೆ ಮಾಣಿಕಬಾಯಿಯ ಆಶೀರ್ವಾದ.

ಶೇಡಬಾಳದಲ್ಲಿ ಎಲ್ಲರೂ ಆರೋಗ್ಯವೇ? ನಿನ್ನ ತಾಯಿಯ ಮೊಣಕಾಲು ನೋವು ಇಳಿಯಿತೇ? ನೀನು ಶುಕ್ರವಾರದ ಏಕಾಸನ ಇನ್ನೂ ಮಾಡುತ್ತಿದ್ದರೆ ನಿಲ್ಲಿಸು, ಎರಡು ಹೊತ್ತು ಉಣ್ಣು. ವ್ರತ ಹಿಡಿಸಿದವಳು ನಾನು, ಬಿಡಿಸುವವಳೂ ನಾನೇ. ಫೋನ್ ಮಾಡಬಹುದಿತ್ತು, ಆದರೆ ಮೂಲೆಯ ಎಸ್‌ಟಿಡಿ ಬೂತಿನಲ್ಲಿ ಗಾಜಿನ ಬಾಗಿಲು ಹಾಕಿದರೂ ಹೊರಗಿನ ನಾಲ್ವರಿಗೆ ಎಲ್ಲವೂ ಕೇಳುತ್ತದೆ. ಈ ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬಳಿಗೇ. ನಿನ್ನ ಗಂಡ ಮರಾಠಿ ಶಾಲೆಯವನು. ಕಾಗದ ಮೇಜಿನ ಮೇಲೆ ಬಿದ್ದಿದ್ದರೂ ಅವನಿಗೆ ತಿಳಿಯದು.

ನೀನು ತವರಿಗೆ ಹೋಗಿ ಐದು ತಿಂಗಳಾಯಿತು. ನನ್ನ ಮೈದುನ ಭೂಪಾಲ ಕಾಕಾ ಪಾರಿಸನಿಗೆ ಇಚಲಕರಂಜಿಯಲ್ಲಿ ಇನ್ನೊಂದು ಹುಡುಗಿ ನೋಡಿದ ಸುದ್ದಿ ನಿನಗೂ ಮುಟ್ಟಿರಬೇಕು. “ವೈನಿ, ನೀವು ಹೂಂ ಅಂದ್ರ ಸಾಕ್ರಿ” ಎಂದರು. ನಾನು ಹೂಂ ಅಂದೆ. ಪಾರಿಸ ಮಾತ್ರ ಹಟ ಹಿಡಿದ. “ಅಕೀನ ಐದ ಸಲ ತಪಾಸ ಮಾಡಿಸೀರಿ, ನಂದೂ ಒಮ್ಮೆ ಆಗಲಿ.” ಕಾಕಾ ನಕ್ಕು, “ಗಂಡಸಿಗಿ ಎಂಥಾ ತಪಾಸೋ? ಎತ್ತಿನಂಗ ಅದೀಯಲ್ಲ!” ಎಂದರೆ, “ಎತ್ತಿಗಿ ಎಲ್ಲಿ ಕರಾ ಆಗತಾವರಿ ಕಾಕಾ?” ಎಂದ. ನಿನ್ನ ಗಂಡ ಹಿರಿಯರಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸೋಮವಾರ ಮಿರಜಕ್ಕೆ ಹೋಗಿದ್ದೆವು. ಹೊಸ ಕಟ್ಟಡ, ಹೊಸ ಯಂತ್ರ, ನಿನಗಿಂತ ಚಿಕ್ಕ ವಯಸ್ಸಿನ ಡಾಕ್ಟರ್ ಬಾಯಿ. ನನ್ನಂಥವಳು ಬರೆಯುವ ಮಾತಲ್ಲ, ಆದರೂ ಬರೆಯಬೇಕು. ಪಾರಿಸನ ವೀರ್ಯದಲ್ಲಿ ಒಂದೂ ಬೀಜವಿಲ್ಲ. ವೃಷಣದಿಂದ ಅಕ್ಕಿ ಕಾಳಿಗಿಂತ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಬೀಜ ಹುಟ್ಟಿಸುವ ಜೀವಕೋಶಗಳೇ ಅಲ್ಲಿಲ್ಲವಂತೆ, ಅವನ್ನು ಸಾಕುವ ಕೋಶಗಳು ಮಾತ್ರ ಸುಮ್ಮನೆ ನಿಂತಿವೆಯಂತೆ. ಆ ಬಾಯಿ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಕೂಸು ಬಸಿರಿನಲ್ಲಿ ಬೆರಳಿನಷ್ಟೂ ಬೆಳೆಯುವ ಮೊದಲೇ ಬೀಜದ ಮೂಲಕೋಶಗಳು ಬೇರೆಡೆ ಹುಟ್ಟಿ, ಸರಿಯುತ್ತ ಬಂದು, ಮೂತ್ರಪಿಂಡದ ಹತ್ತಿರ ನೆಲೆಸುತ್ತವೆ. ಅಲ್ಲಿಯೇ ಹೆಣ್ಣಿಗೆ ಅಂಡಾಶಯ, ಗಂಡಿಗೆ ವೃಷಣ ರೂಪುಗೊಳ್ಳುವುದು. ವೃಷಣ ಹುಟ್ಟುವಷ್ಟರಲ್ಲಿ ಕೆಳಗಿನ ಚೀಲಕ್ಕೆ ಇಳಿಯಬೇಕು, ಅದಕ್ಕೆ ತಂಪು ಬೇಕು. ಇಳಿಯದೆ ಹೊಟ್ಟೆಯ ಕಾವಿನಲ್ಲೇ ಉಳಿದರೆ ಆ ಕೋಶಗಳು ವರ್ಷವರ್ಷವೂ ಸಾಯುತ್ತ ಹೋಗುತ್ತವೆ.

ಆಮೇಲೆ ಅವಳು ನನ್ನತ್ತ ತಿರುಗಿ, ಇವರ ಎರಡೂ ತೊಡೆಸಂದಿನಲ್ಲಿ ಹಳೆಯ ಹೊಲಿಗೆಯ ಗುರುತಿದೆ, ಏನು ಆಪರೇಶನ್ ಎಂದು ಕೇಳಿದಳು. ಹರ್ನಿಯಾ ಎಂದೆ. ಬರೆದುಕೊಂಡಳು. ಬರುವಾಗ ರಿಕ್ಷಾದಲ್ಲಿ ವಿಶ್ರಾಮಬಾಗ ದಾಟಿದ ಮೇಲೆ ಪಾರಿಸ, “ಅವ್ವಾ, ಅದು ಹರ್ನಿಯಾನಽ ಹೌದಲ್ಲ?” ಎಂದ. “ಮತ್ತೇನೋ? ಸುಮ್ಮ ಕುಂದರು” ಎಂದು ಗದರಿಸಿದೆ.

ನಿನ್ನಲ್ಲಿ ದೋಷವಿಲ್ಲ ಎಂಬುದು ಸ್ಪಷ್ಟವಾಯಿತು. ಪೂರ್ವಕರ್ಮ, ಯಾರೇನು ಮಾಡಲಾದೀತು? ಭೂಪಾಲ ಕಾಕಾ ಮಾತ್ರ, “ಆ ರಿಪೋರ್ಟ ಕಪಾಟಿನ್ಯಾಗ ಇಡ್ರಿ, ಹುಡಿಗಿ ಮನಿ ತುಂಬಲಿ, ಮುಂದ ನೋಡೂಣು” ಎನ್ನುತ್ತಿದ್ದರು. ರವಿವಾರ ನಿಶ್ಚಯ ಇತ್ತು. ನಿನ್ನೆ ಅದನ್ನು ಮುರಿದೆ. ಇನ್ನೊಬ್ಬರ ಮಗಳನ್ನೂ ತಪಾಸಣೆಯ ಮೇಜಿನ ಮೇಲೆ ಮಲಗಿಸಲು ನಾನು ತಯಾರಿಲ್ಲ. ಕಾಕಾ ಚಹಾ ಕುಡಿಯದೆ ಎದ್ದು ಹೋದರು. ಹೋಗಲಿ. ನೀನು ರವಿವಾರದೊಳಗೆ ಹೊರಟು ಬಾ.

ಬೀಗರಿಗೆ ನನ್ನ ಜಯಜಿನೇಂದ್ರ ಹೇಳು. ನಿನ್ನ ತಾಯಿ ನೆಲದ ಮೇಲೆ ಕೂರದಿರಲಿ. ಪದ್ಮಾವತಿ ತಾಯಿ ನಿನ್ನನ್ನು ಕಾಯಲಿ.

ನಿನ್ನ ಅತ್ತೆ,
ಮಾಣಿಕಬಾಯಿ

ತಾ.ಕ.: ಪಾಕೀಟು ಅಂಟಿಸಿದ್ದೆ, ಮತ್ತೆ ಹರಿದೆ. ಅದು ಹರ್ನಿಯಾ ಅಲ್ಲ. ಪಾರಿಸ ಹನ್ನೆರಡು ದಿನದ ಕೂಸಾಗಿದ್ದಾಗ ನೀರೆರೆಯಲು ಬರುತ್ತಿದ್ದ ಹಣಮವ್ವ, “ಅವ್ವಾರ, ಕೂಸಿನ ಬೀಜ ಎರಡೂ ಕೈಗಿ ಹತ್ತವಲ್ಲವು, ಮಿರಜಿಗಿ ಒಯ್ದು ತೋರಸ್ರಿ” ಎಂದಳು. ಈ ಮನೆಯ ಮೊದಲ ಗಂಡುಕೂಸಿಗೆ ಕೊರತೆ ಇದೆಯೆಂದು ಊರು ಆಡಿಕೊಳ್ಳಬಾರದೆಂದು ಅವಳನ್ನು ಅಂದೇ ಬಿಡಿಸಿದೆ. ಡಾಕ್ಟರಿಗೆ ತೋರಿಸುವ ಬದಲು ದೇವಿಯ ಮುಂದೆ ಬೆಲ್ಲ ತಿನ್ನುವುದನ್ನು ಬಿಡುವ ನೇಮ ಹಿಡಿದೆ. ಹನ್ನೊಂದು ವರ್ಷ ನಾನೇ ಎರೆದೆ, ಅವರಪ್ಪನಿಗೂ ನೋಡಗೊಡಲಿಲ್ಲ. ಕೊನೆಗೆ ಅವರಿಗೆ ತಿಳಿದು ಆಪರೇಶನ್ ಮಾಡಿಸಿದಾಗ, “ಶಾಲೆಗೆ ಹಾಕುವ ಮೊದಲೇ ತರಬೇಕಿತ್ತು” ಎಂದರು ಡಾಕ್ಟರ್. ಇಷ್ಟು ಗೊತ್ತಿದ್ದೂ ನಿನ್ನನ್ನು ಉಪವಾಸ ಕೆಡವಿದೆ, ಜನ ಬಂಜೆ ಎಂದಾಗ ಬಾಯಿ ಮುಚ್ಚಿ ಕೂತೆ. ಪಾರಿಸ ಈಗ ಊಟಕ್ಕೆ ಬರುತ್ತಾನೆ. ಬಡಿಸುವ ಮೊದಲೇ ಹೇಳುತ್ತೇನೆ. ಬರುವುದು ಬಿಡುವುದು ನಿನ್ನಿಷ್ಟ, ನಾನು ಕರೆಯುವ ಹಕ್ಕಿನವಳಲ್ಲ. ಈ ಕಾಗದವನ್ನು ಮೊದಲು ನಿನ್ನ ತಂದೆಗೆ ಓದಲು ಕೊಡು.