ಎರವಲು ತಂದ ಸೋದರಮಾವ

ಮಾನ್ಯ ಜನಸಂಖ್ಯಾ ಅಧಿಕಾರಿಗಳೇ,

ಮೊನ್ನೆ ದುವ್ವಾಡದ ನಮ್ಮ ಅಪಾರ್ಟ್‌ಮೆಂಟಿಗೆ ದಯಮಾಡಿಸಿ, ದೇಶಕ್ಕೆ ವಯಸ್ಸಾಗುತ್ತಿದೆ, ಇನ್ನೊಂದು ಮಗು ಹೆರಿ ಎಂದು ಅಪ್ಪಣೆ ಕೊಡಿಸಿದಿರಿ. ಹುಟ್ಟುವವರು ಕಡಿಮೆಯಾದರು, ಇರುವವರು ಹೆಚ್ಚು ಕಾಲ ಬದುಕುತ್ತಿದ್ದಾರೆ ಎಂದು ಪರದೆಯ ಮೇಲೆ ಗೆರೆಗಳನ್ನೂ ತೋರಿಸಿದಿರಿ. ಸಂತೋಷ. ಆದರೆ ಸ್ವಾಮಿ, ನನ್ನಮ್ಮನಿಗೆ ಒಂದೇ ಸಾಕು ಎಂದು ಬುದ್ಧಿ ಹೇಳಿದವರೂ ತಮ್ಮಂಥ ಅಧಿಕಾರಿಗಳೇ ಅಲ್ಲವೇ? ಪಾಪ, ನಂಬಿದಳು. ಈಗ ಪಾರ್ಶ್ವವಾಯು ಬಡಿದು ನನ್ನ ಮನೆಯಲ್ಲೇ ಹಾಸಿಗೆ ಹಿಡಿದಿದ್ದಾಳೆ. ಗಂಡ ನೌಕಾಪಡೆಯವರು, ಮನೆಗಿಂತ ಸಮುದ್ರದಲ್ಲೇ ಹೆಚ್ಚು. ನಾನು ಬ್ಯಾಂಕಿನಲ್ಲಿ. ಇನ್ನೊಂದು ಮಗು ನನಗೂ ಬೇಕಿತ್ತು. ಬಾಣಂತನಕ್ಕೆ ತಾವು ಬರುತ್ತಿದ್ದಿರಾ?

ಕಳೆದ ವರ್ಷ ಮಗಳು ಹರಿಣಿಗೆ ಕಿವಿ ಚುಚ್ಚಿಸಬೇಕಿತ್ತು. ನಮ್ಮಲ್ಲಿ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ನಾನು ಒಬ್ಬಳೇ ಮಗಳು, ಸೋದರಮಾವನನ್ನು ಎಲ್ಲಿಂದ ತರಲಿ? ಅಮ್ಮ ಮಲಗಿದಲ್ಲಿಂದಲೇ ಹಠ ಹಿಡಿದಳು. ಕೊನೆಗೆ ಎದುರು ಮನೆಯ ವೆಂಕಟರಮಣ ಅವರನ್ನು ಕೇಳಿಕೊಂಡೆ. ಬಂದರಿನಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಹೊಸ ಪಂಚೆಯುಟ್ಟು ಬಂದರು. ಹರಿಣಿ ಅತ್ತದ್ದಕ್ಕಿಂತ ಹೆಚ್ಚು ಅವರೇ ಅತ್ತರು.

ಶಾಸ್ತ್ರಕ್ಕೊಬ್ಬ ಮಾವ ಸಿಕ್ಕರೆ ಸಾಕು ಅಂದುಕೊಂಡಿದ್ದೆ. ಅವರು ಅದನ್ನು ನಿಜವೆಂದೇ ತಿಳಿದರು. ಅಂದಿನಿಂದ ನಾನು ಬ್ಯಾಂಕಿನಿಂದ ಬರುವವರೆಗೆ ಅಮ್ಮನ ಹತ್ತಿರ ಕೂರುತ್ತಾರೆ, ಹರಿಣಿಗೆ ಊಟ ಹಾಕುತ್ತಾರೆ. ತಂಗಿಯೆಂದು ನನಗೆ ಸಂಕ್ರಾಂತಿಗೆ ಸೀರೆಯನ್ನೂ ತಂದರು. ಮೊನ್ನೆ ತಮ್ಮ ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ನಿಂತು, ತಲೆ ತಗ್ಗಿಸಿ ಕೇಳಿದರು:

“ನಾಕೇಮೈನಾ ಅಯಿತೇ ನುವ್ವು ವಸ್ತಾವಾ, ಅಮ್ಮಾ?”

ನನಗೇನಾದರೂ ಆದರೆ ನೀನು ಬರುತ್ತೀಯಾ ಎಂದು. ವಿಜಯವಾಡಕ್ಕೆ ವರ್ಗವಾದ ಆದೇಶ ಆಗಲೇ ನನ್ನ ಚೀಲದಲ್ಲಿತ್ತು. ರದ್ದು ಮಾಡಿಸಲು ಕಾಲಿಗೆ ಬೀಳುವುದೊಂದು ಬಿಟ್ಟು ಎಲ್ಲ ಮಾಡಿದ್ದೇನೆ. ಆಗಲಿಲ್ಲ.

ತಮ್ಮ ಗೆರೆಗಳಲ್ಲಿ ಇವರು ಎಲ್ಲಿ ಬರುತ್ತಾರೆ? ಇಂದು ನಾನು ಹೆತ್ತರೂ ಆ ಕೂಸು ಅವರಿಗೆ ಹೆಗಲು ಕೊಡುವಷ್ಟು ಬೆಳೆಯುವುದು ಯಾವಾಗ? ಮಗು ಹೆರಿ ಎನ್ನುವುದು ಸುಲಭ. ಒಬ್ಬ ಅಣ್ಣನನ್ನು ಮಂಜೂರು ಮಾಡುವುದು ತಮ್ಮ ಕೈಯಲ್ಲಿದೆಯೇ?

ನನ್ನ ಬೇಡಿಕೆ ಒಂದೇ. ಭಾನುವಾರ ಸಾಮಾನಿನ ಲಾರಿ ಬರುತ್ತದೆ. ಅವರಿಗೆ ಇನ್ನೂ ಹೇಳಿಲ್ಲ. ಜನರಿಗೆ ವಿಷಯ ತಿಳಿಹೇಳುವುದು ತಮಗೆ ಅಭ್ಯಾಸವಿದೆ. ದಯವಿಟ್ಟು ಬಂದು ಅವರಿಗೂ ಹೇಳಿ. ನನ್ನಿಂದ ಆಗುತ್ತಿಲ್ಲ.

ಇಂತಿ,
ಅಣ್ಣನನ್ನು ಎರವಲು ತಂದು, ಹಿಂದಿರುಗಿಸಲು ಮನಸ್ಸು ಬಾರದ
ಲಾವಣ್ಯಾ
ದುವ್ವಾಡ (ಭಾನುವಾರದವರೆಗೆ)