ಕಬಡ್ಡಿಗೆ ತಗಲುವ ಖರ್ಚು

ಐರೋಲಿ, ಸೆಕ್ಟರ್ 8
13 ಜನವರಿ 2025

ಪ್ರೀತಿಯ, ಮುದ್ದಿನ, ಸದ್ಯಕ್ಕೆ ಸಿಟ್ಟಾಗಿರುವ ಅಮ್ಮಾ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯಾ, ಅಪ್ಪ ಹಚ್ಚಲಿ ಎಂದು ಕಾಯುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ, ತುಂಬಾ ತುಂಬಾ ಚೆನ್ನಾಗಿದ್ದೇನೆ! ಮದುವೆಯಾಗಿ ಎಪ್ಪತ್ತೊಂದು ದಿನವಾದರೂ ರಂಜನ್ ಆಫೀಸಿನ ರೈಲು ಹತ್ತಿದ ಕೂಡಲೇ ಫೋನ್ ಮಾಡಿ "ಊಟ ಆಯ್ತಾ?" ಎಂದು ಕೇಳುತ್ತಾರೆ. ಬೆಳಿಗ್ಗೆ ಎಂಟು ಗಂಟೆಗೆ!

ಕಾಗದ ಯಾಕೆಂದರೆ, ಫೋನಿನಲ್ಲಿ ನೀನು ಬೈಯಲು ಶುರುಮಾಡಿದರೆ ನನ್ನ ಸರದಿ ಬರುವುದೇ ಇಲ್ಲ. (ಇಂಗ್ಲಿಷ್ ಮೀಡಿಯಮ್ಮಿನ ಒತ್ತಕ್ಷರಗಳನ್ನು ಕ್ಷಮಿಸು.) ಇಲ್ಲೇ ಪಕ್ಕದ ಕಳವಾ ಊರಿನಲ್ಲಿರುವ ಶ್ರೀಮತಿ ದೊಡ್ಡಮ್ಮ ನಿನಗೆ ಕಳಿಸಿದ ಫೋಟೊದಲ್ಲಿರುವುದು ನಾನೇ. ಕಬಡ್ಡಿ ಮೈದಾನ, ಮೊಣಕಾಲಿನವರೆಗಿನ ಚಡ್ಡಿ, ಬರಿ ಕೊರಳು. "ಮೂರು ತಿಂಗಳಾಗಿಲ್ಲ, ಕರಿಮಣಿ ತೆಗೆದಿಟ್ಟಿದ್ದೀಯಲ್ಲ! ತೂಕ ಇಳಿಸ್ಲಿಕ್ಕೆ ಜಿಮ್ಮಿಗೆ ಹೋಗು, ದುಡ್ಡು ನಾನು ಕೊಡ್ತೇನೆ" ಎಂದೆ ನೀನು.

ಸರಿ, ದುಡ್ಡಿನ ಮಾತನ್ನೇ ಆಡೋಣ. ನಾನು ಎಲ್ಲ ಕಡೆ ವಿಚಾರಿಸಿ ಬಂದವಳು. ಸ್ಟೇಷನ್ ಎದುರಿನ ಜಿಮ್ಮಿಗೆ ವರ್ಷಕ್ಕೆ ಹದಿನೆಂಟು ಸಾವಿರ, ಹೇಳಿಕೊಡುವವರು ಬೇಕಿದ್ದರೆ ತಿಂಗಳಿಗೆ ಇನ್ನೂ ಆರು ಸಾವಿರ. ಅಲ್ಲಿ ಎಷ್ಟು ಕನ್ನಡಿಗಳೆಂದರೆ, ಅರ್ಧ ಹಣ ನಮ್ಮನ್ನು ನಾವೇ ನೋಡಿಕೊಳ್ಳುವುದಕ್ಕೆ. ಸೊಸೈಟಿಯ ಯೋಗ ಕ್ಲಾಸಿಗೆ ತಿಂಗಳಿಗೆ ಸಾವಿರದ ಇನ್ನೂರು. ಹೋದ ಎರಡೂ ದಿನ ಶವಾಸನದಲ್ಲಿ ನಿದ್ದೆ ಹೋದೆ. ಮೊಬೈಲ್ ಆ್ಯಪ್ ಏಳು ದಿನ ಉಚಿತ, ಎಂಟನೆಯ ದಿನ ನಾನೂರ ತೊಂಬತ್ತೊಂಬತ್ತು ಮಾಯ. ಖಾಡಿಯ, ಅಂದರೆ ಇಲ್ಲಿನ ಹಿನ್ನೀರಿನ, ದಡದ ವಾಕಿಂಗ್ ಪುಕ್ಕಟೆ, ಆದರೆ ದಾರಿಯಲ್ಲಿ ವಡಾಪಾವ್ ಇದೆ! ಕಬಡ್ಡಿಗೆ? ಮೊಣಕಾಲಿನ ಪಟ್ಟಿಗೆ ಮುನ್ನೂರ ಐವತ್ತು, ಅಷ್ಟೇ. ಬೂಟು ಕೂಡ ಬೇಡ. ಎರಡು ಕಿಲೋ ಇಳಿದಿದ್ದೇನೆ, ಆದರೆ ಹೋಗುವುದು ಅದಕ್ಕಲ್ಲ. ನಾಲ್ಕು ಜನ ಹಿಡಿದೆಳೆಯುತ್ತಿರುವಾಗ ಬೆರಳ ತುದಿಯಲ್ಲಿ ನಡುಗೆರೆ ಮುಟ್ಟುವ ಸುಖ ಯಾವ ಜಿಮ್ಮಿನಲ್ಲಿ ಮಾರುತ್ತಾರೆ, ಹೇಳು?

ಇನ್ನು ಕರಿಮಣಿ. ಆಟದಲ್ಲಿ ಒಡವೆ ಕೂಡದು, ಯಾರದಾದರೂ ಬೆರಳು ಸಿಕ್ಕಿದರೆ ಕೊರಳೇ ಕೊಯ್ದೀತು. ನಿನ್ನೆ ಪಂಚರು, ಅಂದರೆ ಅಂಪೈರು, "ಕಾಢಾ ತಾಯಿ, ನಾಹೀತರ್ ಬಾಹೇರ್" (ತೆಗೆಯಿರಿ ಅಕ್ಕಾ, ಇಲ್ಲವಾದರೆ ಹೊರಗೆ) ಎಂದರು. ತೆಗೆದು ಅತ್ತೆಯ ಕೈಗೆ ಕೊಟ್ಟೆ. ಮದುವೆಯ ದಿನ ನೀನೇ ಹೇಳಿದ್ದೆಯಲ್ಲ, "ನಿನ್ನ ಅತ್ತೆ ಬಾಯಿಬಿಟ್ಟದ್ದನ್ನು ನಾನು ನೋಡಲೇ ಇಲ್ಲ" ಎಂದು, ಅದೇ ಅತ್ತೆ. ನಾನು ಆಟ ಬಿಡುವುದಿಲ್ಲ ಅಮ್ಮಾ. ಜಿಮ್ಮಿಗೆಂದು ಹಣ ಕಳಿಸಿದರೆ ತಂಡಕ್ಕೆಲ್ಲ ಜೆರ್ಸಿ ಹೊಲಿಸಿ ಬೆನ್ನಿನ ಮೇಲೆ ನಿನ್ನ ಹೆಸರು ಹಾಕಿಸುತ್ತೇನೆ!

ಅಪ್ಪನಿಗೆ ನಮಸ್ಕಾರ, ನಿನ್ನ ಎರಡೂ ಮಂಡಿಗೆ ಮುತ್ತು. ಬೈಯುವ ಮೊದಲು ಆಶೀರ್ವಾದ ಮಾಡಿಬಿಡು, ಆಮೇಲೆ ಮರೆತುಹೋಗುತ್ತದೆ.

ನಿನ್ನ ಹಟಮಾರಿ
ನಿಶ್ಮಿತಾ

ತಾ.ಕ.: ದೊಡ್ಡಮ್ಮ ಕಳಿಸದ ಇನ್ನೊಂದು ಫೋಟೊ ನನ್ನಲ್ಲಿದೆ. ಅದರಲ್ಲಿ ಅತ್ತೆ ಗೆರೆಯಾಚೆ ನಿಂತು ಕೂಗುತ್ತಿದ್ದಾರೆ. ಚಪ್ಪಾಳೆಗೆ ಎರಡು ಕೈ ಬೇಕಲ್ಲ, ನನ್ನ ಕರಿಮಣಿ ಅವರ ಕೊರಳಿನಲ್ಲಿದೆ. ಮಾವ ಹೋಗಿ ಒಂಬತ್ತು ವರ್ಷ. ಸೀಟಿ ಊದಿದ ಮೇಲೆ ನೆನಪಾಗಿ, "ಅಯ್ಯೋ ಮಗಾ, ನಾನು ಹಾಕ್ಬಾರ್ದಿತ್ತು" ಎಂದು ಗಾಬರಿಯಿಂದ ತೆಗೆಯಲು ಹೋದರು. ಮನೆಯವರೆಗೆ ಇರಲಿ ಅತ್ತೆ, ಎಂದೆ. ರಿಕ್ಷಾದಲ್ಲಿ ಇಡೀ ದಾರಿ ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಮುಂದಿನ ಭಾನುವಾರ ಕೋಪರಖೈರಣೆಯಲ್ಲಿ ಪಂದ್ಯ. ಕರಿಮಣಿ ಆಗಲೂ ಅತ್ತೆಯ ಕೊರಳಿನಲ್ಲೇ ಇರುತ್ತದೆ. ಬೈಯುವುದಿದ್ದರೆ ನನ್ನನ್ನೇ ಬೈ, ಅವರಿಗೆ ಮಾತ್ರ ಫೋನ್ ಮಾಡಬೇಡ.