ಡ್ರಮ್ಮಿಗೆ ಸುರಿದ ಮೀನಿನ ನೀರು

ಡೊಂಬಿವಲಿ ಪೂರ್ವ,
12-1-2025

ಪ್ರೀತಿಯ ಮಾಮಿಗೆ,

ಸೊಸೆ ಜಯಲತಾಳ ನಮಸ್ಕಾರಗಳು. ನಿಮ್ಮ ಮೊಣಕಾಲು ಹೇಗಿದೆ? ಕಟಪಾಡಿಯಲ್ಲಿ ಮಗಳ ಮನೆಯ ಮೆಟ್ಟಿಲು ಹತ್ತಿ ಇಳಿದು ನೋವು ಹೆಚ್ಚಿಸಿಕೊಳ್ಳಬೇಡಿ. ನೀವು ಬಂಗುಡೆ ತೊಳೆದ ನೀರನ್ನು ಬಾಲ್ಕನಿಯ ಕರಿಬೇವಿಗೆ ಹಾಕಿದಿರೆಂದು ನೆಂಟರೆದುರೇ ನಾನು "ಇದೆಂಥ, ಮನೆಯಾ ಮೀನು ಮಾರ್ಕೆಟ್ಟಾ" ಎಂದು ಕೂಗಾಡಿದ್ದಕ್ಕೆ ನೀವು ರೈಲು ಹತ್ತಿ ಮೂರು ತಿಂಗಳಾಯಿತು. ಫೋನ್ ಮಾಡಿದರೆ ನಿಮ್ಮ ಮಗನೊಡನೆ, ಮೊಮ್ಮಗಳು ಅನುಷ್ಕಾಳೊಡನೆ ಮಾತಾಡಿ ಇಟ್ಟುಬಿಡುತ್ತೀರಿ, ನನ್ನ ಸರದಿ ಬರುವುದೇ ಇಲ್ಲ. ಕಾಗದ ಓದದಷ್ಟು ಕೋಪ ನಿಮಗಿರಲಾರದು ಎಂದುಕೊಂಡು ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ಶುಕ್ರವಾರದ ನೀರು ಬಂದ್ ಇದ್ದದ್ದೇ. ಶವರ್ ಬಿಟ್ಟು ಬಕೆಟ್ಟಿನಲ್ಲೇ ಸ್ನಾನ ಮಾಡುತ್ತಿದ್ದೇವೆ. ಅನುಷ್ಕಾ ಮುಖ ಗಂಟಿಕ್ಕಿಕೊಂಡು "ದಾದಿ ಜೈಸಾ ಮತ್ ಕರೋ ಮಮ್ಮಿ" ಎನ್ನುತ್ತಾಳೆ, ಅಜ್ಜಿಯ ಹಾಗೆ ಮಾಡಬೇಡ ಅಂತ. ಅಕ್ಕಿ ತೊಳೆದ ನೀರು ಬಸಳೆ ಕುಂಡಕ್ಕೆ ಹೋಗುತ್ತದೆ. ಕುಚ್ಚಲಕ್ಕಿ ಚೆನ್ನಾಗಿ ಕುದಿ ಬಂದ ಮೇಲೆ ಗ್ಯಾಸ್ ಆರಿಸಿ, ಪಾತ್ರೆಗೆ ಹಳೆ ಬೆಡ್‌ಶೀಟ್ ಸುತ್ತಿಡುತ್ತೇನೆ. ಮೊದಲ ದಿನ ಅನ್ನ ಗಟ್ಟಿಗಟ್ಟಿಯಾಗಿ ಉಳಿದು ನಿಮ್ಮ ಮಗ ಬ್ರೆಡ್ ತಿಂದರು. ಈಗ ಹದ ಸಿಕ್ಕಿದೆ. ಹೌದು, ಇವೆಲ್ಲ ನೀವು ಮಾಡುತ್ತಿದ್ದವೇ; ಆಗ ನನಗೆ ಜಿಪುಣತನ ಎನಿಸುತ್ತಿತ್ತು.

ಹೋದ ತಿಂಗಳು ನಮ್ಮ ಬಿಲ್ಡಿಂಗಿನ ಸೊಸೈಟಿಯಲ್ಲಿ ಹಸಿ ಕಸದಿಂದ ಗೊಬ್ಬರ ಮಾಡಲು ದೊಡ್ಡದೊಂದು ಡ್ರಮ್ ಇಟ್ಟರು. ಅಲ್ಲೊಂದು ಎಡವಟ್ಟಾಯಿತು. ಕರಿಬೇವಿಗೆ ಒಳ್ಳೆಯದಾದದ್ದು ಗೊಬ್ಬರಕ್ಕೂ ಒಳ್ಳೆಯದೇ ಎಂದು ಒಂದು ಭಾನುವಾರ ಮೀನು ತೊಳೆದ ನೀರು, ಕರುಳು ಎಲ್ಲವನ್ನೂ ಡ್ರಮ್ಮಿಗೇ ಸುರಿಯಲಾಗಿತ್ತು. ನೀವಾದರೆ ಮೇಲೆ ಮಣ್ಣು ಮುಚ್ಚುತ್ತಿದ್ದಿರಿ. ಇಲ್ಲಿ ಯಾರೂ ಮುಚ್ಚಿರಲಿಲ್ಲ. ಮರುದಿನ ನಾತವೋ ನಾತ! ಸ್ಟೇಷನ್ನಿನವರೆಗಿನ ಬೆಕ್ಕುಗಳೆಲ್ಲ ನಮ್ಮ ಗೇಟಿನಲ್ಲಿ. ಈರುಳ್ಳಿಯನ್ನೂ ಮುಟ್ಟದ ಎರಡನೇ ಮಹಡಿಯ ಯತಿನ್ ಭಾಯಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಮೀಟಿಂಗಿಗೆ ಬಂದರು. ಆಮೇಲೆ ಡ್ರಮ್ ತೊಳೆದು, ಒಣ ಎಲೆ, ತೆಂಗಿನ ನಾರು ಹಾಕಿ ಹೊಸದಾಗಿ ಶುರುಮಾಡಿದ್ದೇವೆ. ನಾತ ಹೋಗಿದೆ, ಬೆಕ್ಕುಗಳು ಮಾತ್ರ ಇನ್ನೂ ಆಸೆ ಬಿಟ್ಟಿಲ್ಲ.

ಅತ್ತಿಗೆಗೆ, ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಮಲಗುವ ಮುಂಚೆ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿ, ನಾಳೆ ನಾಳೆ ಎನ್ನಬೇಡಿ.

ನಿಮ್ಮ ಸೊಸೆ,
ಜಯಲತಾ

ತಾ.ಕ.: ಕವರಿಗೆ ಅಂಟು ಹಚ್ಚುವ ಮೊದಲು ನಿಜ ಹೇಳಿಬಿಡುತ್ತೇನೆ. ಡ್ರಮ್ಮಿಗೆ ಸುರಿದವಳು ನಾನೇ. ಆದರೆ ಮೀಟಿಂಗಿನಲ್ಲಿ ಯಾರೆಂದು ಕೇಳಿದಾಗ "ನಮ್ಮ ಮಾಮಿಯದ್ದು, ಅವರಿಗೆ ಹಳೆ ಅಭ್ಯಾಸ" ಎಂದುಬಿಟ್ಟೆ. ಮೀಟಿಂಗ್ ಮುಂದಿನ ವಿಷಯಕ್ಕೆ ಹೋಯಿತು. ನಾಲ್ಕು ದಿನ ಡ್ರಮ್ಮಿನ ಮುಂದೆ ಹಾಯುವಾಗಲೆಲ್ಲ ಆ ಸುಳ್ಳೇ ನೆನಪಾಯಿತು. ನಿನ್ನೆ ಸೆಕ್ರೆಟರಿ ಸೋನಾಲಿಯವರ ಮನೆಗೆ ಹೋಗಿ ಒಪ್ಪಿಕೊಂಡೆ. ಅವರು ನಕ್ಕು, "ಅಯ್ಯೋ ಜಯಾ, ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಊರಿಗೆ ಹೋಗಿ ಮೂರು ತಿಂಗಳಾಯಿತಲ್ಲ" ಎಂದರು. ನೀವಿಲ್ಲವೆಂದು ಇಡೀ ಬಿಲ್ಡಿಂಗಿಗೆ ಗೊತ್ತು ಮಾಮಿ. ತಪ್ಪು ಹೊರಿಸುವಾಗ ನನಗೊಬ್ಬಳಿಗೇ ನೀವಿನ್ನೂ ಮನೆಯಲ್ಲೇ ಇದ್ದೀರಿ ಅನಿಸಿದ್ದು. ನಾಚಿಕೆಯಾಗುತ್ತಿದೆ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿರಿ.